ಲಿನಕ್ಸ್‌ಗೆ ಎಸ್‌ಎಸ್‌ಡಿ ಅಡಾಪ್ಟರ್ ಕೊಳ್ಳುವಾಗ ಡಬ್ಬ ಬಿಟ್ಟು ಚಿಪ್ ನೋಡಿ

ಲ್ಯಾಪ್‌ಟಾಪಿಗೆ ದೊಡ್ಡ ಎಸ್‌ಎಸ್‌ಡಿ ಹಾಕಿಸಿದ ಮೇಲೆ ಹಳೆಯದು ಕೈಯಲ್ಲೇ ಉಳಿಯುತ್ತದೆ. ಒಂದು ಯುಎಸ್‌ಬಿ ಅಡಾಪ್ಟರ್ ತಂದರೆ ಅದೇ ಒಳ್ಳೆಯ ಎಕ್ಸ್‌ಟರ್ನಲ್ ಡ್ರೈವ್. ಬಳ್ಳಾರಿಯ ಜೀನ್ಸ್ ಘಟಕದ ಲೆಕ್ಕಪತ್ರ ಇರಲಿ, ಕೊಪ್ಪಳದ ಸ್ಟುಡಿಯೋದವರ ಮದುವೆ ವಿಡಿಯೋ ಇರಲಿ, ರಾಯಚೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಯ ಪ್ರಾಜೆಕ್ಟ್ ಇರಲಿ, ಎಲ್ಲಕ್ಕೂ ಸಾಕಾಗುತ್ತದೆ. ಆದರೆ ವಿಂಡೋಸ್‌ನಲ್ಲಿ ಹೇಗೋ ನಡೆದುಹೋಗುವ ಅಡಾಪ್ಟರ್ ಲಿನಕ್ಸ್‌ನಲ್ಲಿ ಕಾಪಿ ಅರ್ಧ ಆಗಿರುವಾಗ ಕೈಕೊಡುವುದುಂಟು. ಆಗ ಜನ ಎಸ್‌ಎಸ್‌ಡಿಯನ್ನೋ ಲಿನಕ್ಸ್ ಅನ್ನೋ ಬೈಯುತ್ತಾರೆ. ಹೆಚ್ಚಿನ ಸಲ ತಪ್ಪು ಇರುವುದು ಎರಡರ ನಡುವೆ ಕೂತ ಬ್ರಿಜ್ ಚಿಪ್‌ನಲ್ಲಿ.

ಡಬ್ಬದ ಮೇಲೆ ವೇಗದ ಅಂಕಿ ದಪ್ಪಕ್ಷರದಲ್ಲಿ ಇರುತ್ತದೆ, ಚಿಪ್ ಹೆಸರು ಇರುವುದು ಅಪರೂಪ. ಒಂದೇ ಬ್ರಾಂಡಿನ ಒಂದೇ ಮಾಡೆಲ್‌ನಲ್ಲಿ ಒಂದು ಲಾಟ್‌ಗೆ ಒಂದು ಚಿಪ್, ಇನ್ನೊಂದು ಲಾಟ್‌ಗೆ ಬೇರೆ ಚಿಪ್ ಬರುವುದೂ ಇದೆ. ಹಾಗಾಗಿ ಕೊಳ್ಳುವ ಮುಂಚೆ ವಿಚಾರಿಸುವುದು ಅರ್ಧ ಕೆಲಸ. ತಂದ ಮೇಲೆ, ವಾಪಸ್ ಕೊಡುವ ಗಡುವು ಮುಗಿಯುವುದರೊಳಗೆ ಪರೀಕ್ಷಿಸುವುದು ಉಳಿದರ್ಧ.

ಇಲ್ಲಿ ಬರುವ ಕಮಾಂಡ್‌ಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರದಲ್ಲಿ ಟೈಪ್ ಮಾಡಬೇಕು. ದೊಡ್ಡಕ್ಷರ ಬೇಕಾದ ಕಡೆ ಹಾಗೆಂದು ಹೇಳಿದೆ.

ಕೈಯಲ್ಲಿರುವ ಎಸ್‌ಎಸ್‌ಡಿ ಯಾವ ಜಾತಿಯದು

ಅಂಗಡಿಗೆ ಹೋಗುವಾಗ ಎಸ್‌ಎಸ್‌ಡಿಯನ್ನು ಜೊತೆಗೆ ಒಯ್ಯಿರಿ, ಇಲ್ಲವೇ ಅದರ ಲೇಬಲ್‌ನ ಫೋಟೋ ಇಟ್ಟುಕೊಳ್ಳಿ. 2.5 ಇಂಚಿನ ಚಪ್ಪಟೆ ಡಬ್ಬಿಯಾಗಿದ್ದರೆ ಅದು ಸಾಟಾ, ಅಂದರೆ ಹಾರ್ಡ್‌ಡಿಸ್ಕ್ ಕಾಲದಿಂದ ಬಂದ ಸಂಪರ್ಕದ್ದು. ದಪ್ಪ ಸಾಮಾನ್ಯವಾಗಿ 7 ಮಿಲಿಮೀಟರ್. ಕೆಲವು ಕೇಸಿಂಗ್‌ಗಳು (ಡ್ರೈವನ್ನು ಒಳಗೆ ಕೂರಿಸುವ ಡಬ್ಬಿಯಂಥ ಅಡಾಪ್ಟರ್‌ಗಳು) 9.5 ಮಿಲಿಮೀಟರ್ ಡ್ರೈವ್‌ಗೆ ಮಾಡಿದವು. ಅವುಗಳಲ್ಲಿ 7 ಮಿಲಿಮೀಟರಿನದು ಅಲ್ಲಾಡುತ್ತದೆ, ಜೊತೆಗೆ ಬರುವ ಫೋಮ್ ತುಂಡನ್ನು ಮರೆಯದೆ ಹಾಕಿ.

ಕಡ್ಡಿಯಂತಿರುವ ಎಂ.2 ಆದರೆ ಹುಷಾರಾಗಿರಬೇಕು. ನೋಡಲು ಒಂದೇ ಥರ ಇದ್ದರೂ ಅದರಲ್ಲಿ ಎರಡು ಬಗೆ: ಎಂ.2 ಸಾಟಾ ಮತ್ತು ಅದಕ್ಕಿಂತ ವೇಗದ ಎನ್‌ವಿಎಂಇ. ಚಿನ್ನದ ಬಣ್ಣದ ಪಿನ್ ಸಾಲಿನಲ್ಲಿ ಎರಡು ಕಚ್ಚು ಇದ್ದರೆ ಬಹುಮಟ್ಟಿಗೆ ಸಾಟಾ, ಒಂದೇ ಕಚ್ಚು ಇದ್ದರೆ ಬಹುಮಟ್ಟಿಗೆ ಎನ್‌ವಿಎಂಇ. ಎರಡು ಕಚ್ಚಿನ ಎನ್‌ವಿಎಂಇ ಕೂಡ ಬಂದಿರುವುದರಿಂದ ಕಚ್ಚನ್ನಷ್ಟೇ ನಂಬಬೇಡಿ, ಲೇಬಲ್ ಓದಿ. ಡ್ರೈವ್ ಇನ್ನೂ ಲ್ಯಾಪ್‌ಟಾಪಿನೊಳಗೇ ಇದ್ದರೆ ‘ಎಲ್‌ಎಸ್‌ಬಿಎಲ್‌ಕೆ’ ಕೊಟ್ಟು ನೋಡಿ: ಹೆಸರು ‘ಎನ್‌ವಿಎಂಇ0ಎನ್1’ ಎಂದಿದ್ದರೆ ಎನ್‌ವಿಎಂಇ, ‘ಎಸ್‌ಡಿಎ’ ಎಂದಿದ್ದರೆ ಸಾಟಾ. ಸಾಟಾಗೆ ಮಾತ್ರ ಆಗುವ ಕೇಸಿಂಗ್‌ನಲ್ಲಿ ಎನ್‌ವಿಎಂಇ ಕೂರಿಸಿದರೆ ಏನೂ ಕಾಣಿಸುವುದಿಲ್ಲ. ಡ್ರೈವ್ ಸತ್ತಿದೆ ಎಂದುಕೊಂಡು ಎಸೆಯುವವರಿದ್ದಾರೆ, ಮೊದಲು ಇದನ್ನು ಪರಿಶೀಲಿಸಿ.

ಉದ್ದವನ್ನೂ ನೋಡಬೇಕು. 2280 ಎಂದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. 2230, 2242, 2260 ಗಿಡ್ಡವು. ಹೆಚ್ಚಿನ ಕೇಸಿಂಗ್‌ಗಳಲ್ಲಿ ನಾಲ್ಕೂ ಅಳತೆಗೆ ತೂತು ಇರುತ್ತದೆ, ಆದರೆ ಚಿಕ್ಕ ಕೇಸಿಂಗ್‌ಗಳು 2230ಕ್ಕಷ್ಟೇ ಆಗುತ್ತವೆ.

ಬ್ರಿಜ್ ಚಿಪ್: ದುಡ್ಡು ಹೋಗಬೇಕಾದ ಜಾಗ

ಎಸ್‌ಎಸ್‌ಡಿ ಮಾತಾಡುವುದು ಸಾಟಾ ಅಥವಾ ಎನ್‌ವಿಎಂಇ ಭಾಷೆ. ಯುಎಸ್‌ಬಿ ಕಡೆಯಿಂದ ಬರುವುದು ಸ್ಕಸಿ ಎಂಬ ಬೇರೆ ಭಾಷೆಯ ಕಮಾಂಡ್. ನಡುವಿನ ದುಭಾಷಿ ಬ್ರಿಜ್ ಚಿಪ್. ಓದು-ಬರೆ ಕೆಲಸವನ್ನು ಎಲ್ಲ ಚಿಪ್‌ಗಳೂ ಮಾಡುತ್ತವೆ. ವ್ಯತ್ಯಾಸ ಗೊತ್ತಾಗುವುದು ಮೂರು ಕಡೆ.

ಮೊದಲನೆಯದು ಯುಎಎಸ್, ಅಂದರೆ ಯುಎಸ್‌ಬಿ ಮೂಲಕ ಡ್ರೈವ್‌ಗೆ ಕಮಾಂಡ್ ಕಳಿಸುವ ಹೊಸ ವಿಧಾನ. ಹಳೆಯ ವಿಧಾನದಲ್ಲಿ ಒಂದು ಕಮಾಂಡ್ ಮುಗಿಯುವ ತನಕ ಇನ್ನೊಂದು ಕಾಯಬೇಕು. ಯುಎಎಸ್‌ನಲ್ಲಿ ಹಲವು ಕಮಾಂಡ್‌ಗಳು ಒಟ್ಟಿಗೆ ಸಾಲಿನಲ್ಲಿ ನಿಲ್ಲುತ್ತವೆ. ದೊಡ್ಡ ಒಂದೇ ಫೈಲ್ ಕಾಪಿ ಮಾಡುವಾಗ ವ್ಯತ್ಯಾಸ ಅಷ್ಟಾಗಿ ಕಾಣದು. ಸಾವಿರಾರು ಸಣ್ಣ ಫೈಲ್ ಇದ್ದಾಗ, ಅಥವಾ ಆ ಡ್ರೈವ್‌ನಿಂದಲೇ ಲಿನಕ್ಸ್ ಬೂಟ್ ಮಾಡಿದಾಗ ಚೆನ್ನಾಗಿ ಕಾಣುತ್ತದೆ. ಲಿನಕ್ಸ್‌ನಲ್ಲಿ ಇದು ನೆಚ್ಚಿಕೊಳ್ಳುವಂತಾದದ್ದು 2014ರ 3.15 ಕರ್ನೆಲ್‌ನಿಂದ (ಕರ್ನೆಲ್ ಎಂದರೆ ಲಿನಕ್ಸ್‌ನ ತಿರುಳು), ಆದ್ದರಿಂದ ಈಗಿನ ಯಾವ ಡಿಸ್ಟ್ರೋದಲ್ಲೂ ಸಾಫ್ಟ್‌ವೇರ್ ಕೊರತೆ ಇಲ್ಲ. ಚಿಪ್‌ನ ಫರ್ಮ್‌ವೇರ್ (ಅದರೊಳಗೇ ಕೂತ ಸಾಫ್ಟ್‌ವೇರ್) ಹಾಳಾಗಿದ್ದರೆ ತೊಂದರೆ ಅಲ್ಲಿಂದ ಬರುತ್ತದೆ.

ಎರಡನೆಯದು ಟ್ರಿಮ್. ಫೈಲ್ ಅಳಿಸಿದಾಗ ಆ ಜಾಗ ಖಾಲಿಯಾಗಿದೆ ಎಂದು ಎಸ್‌ಎಸ್‌ಡಿಗೆ ತಾನಾಗಿ ತಿಳಿಯುವುದಿಲ್ಲ, ಆಪರೇಟಿಂಗ್ ಸಿಸ್ಟಂ ಹೇಳಬೇಕು. ಚಿಪ್ ಆ ಮಾತನ್ನು ದಾಟಿಸದಿದ್ದರೆ ಎಸ್‌ಎಸ್‌ಡಿ ಅಳಿಸಿಹೋದ ಡೇಟಾವನ್ನೂ ಹೊತ್ತುಕೊಂಡು ಓಡಾಡುತ್ತದೆ, ತುಂಬಿದಂತೆಲ್ಲ ಬರೆಯುವ ವೇಗ ಕುಸಿಯುತ್ತದೆ.

ಮೂರನೆಯದು ಸ್ಮಾರ್ಟ್ ಮಾಹಿತಿ: ಡ್ರೈವ್‌ನ ಬಿಸಿ, ಸವೆತ, ದೋಷಗಳ ಲೆಕ್ಕ. ಇದು ಸಿಗದ ಅಡಾಪ್ಟರ್‌ನಲ್ಲಿ ಡ್ರೈವ್ ಆರೋಗ್ಯ ನೋಡಲು ಮತ್ತೆ ಬಿಚ್ಚಬೇಕು.

ಈಗ ಹೆಸರುಗಳು. 2.5 ಇಂಚಿನ ಸಾಟಾಗೆ ಎಎಸ್‌ಮೀಡಿಯಾದ ಎಎಸ್‌ಎಂ235ಸಿಎಂ, ಎಎಸ್‌ಎಂ225ಸಿಎಂ, ಎಎಸ್‌ಎಂ1153ಇ. ಜೆಮೈಕ್ರಾನ್‌ನ ಜೆಎಂಎಸ್578, ಜೆಎಂಎಸ್580. ಇವುಗಳಲ್ಲಿ ಎಎಸ್‌ಎಂ235ಸಿಎಂ ಮತ್ತು ಜೆಎಂಎಸ್580 ಸೆಕೆಂಡಿಗೆ 10 ಗಿಗಾಬಿಟ್‌ನವು, ಉಳಿದವು 5 ಗಿಗಾಬಿಟ್‌ನವು. ಆಯ್ಕೆ ನಮ್ಮ ಕೈಯಲ್ಲಿದ್ದರೆ ಎಎಸ್‌ಎಂ235ಸಿಎಂ ತೆಗೆದುಕೊಳ್ಳಿ ಎಂದೇ ನಮ್ಮ ಸಲಹೆ. ಜೆಎಂಎಸ್578 ಎಲ್ಲ ಕಡೆ ಸಿಗುತ್ತದೆ, ಅಗ್ಗವೂ ಹೌದು, ಆದರೆ ಅದರ ಗುಣ ಫರ್ಮ್‌ವೇರ್ ಮೇಲೆ ನಿಂತಿದೆ. ರಾಸ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿಗೆ ಸೇರಿಸಿದಾಗ ಯುಎಎಸ್ ತಕರಾರು ತೆಗೆಯುವ ಅಡಾಪ್ಟರ್‌ಗಳಲ್ಲಿ ಜೆಮೈಕ್ರಾನ್ ಚಿಪ್‌ನವೇ ಹೆಚ್ಚು. ಫರ್ಮ್‌ವೇರ್ ಬದಲಿಸುವ ಸಾಧನಗಳು ಸಾಮಾನ್ಯವಾಗಿ ವಿಂಡೋಸ್‌ನಲ್ಲಿ ಮಾತ್ರ ಓಡುತ್ತವೆ, ಹಾಗಾಗಿ ಲಿನಕ್ಸ್ ಒಂದೇ ಇರುವವರು ‘ಆಮೇಲೆ ಸರಿಮಾಡಿಕೊಂಡರಾಯಿತು’ ಎಂದು ತರುವುದು ಬೇಡ.

ಎನ್‌ವಿಎಂಇಗೆ ರಿಯಲ್‌ಟೆಕ್‌ನ ಆರ್‌ಟಿಎಲ್9210, ಎಎಸ್‌ಮೀಡಿಯಾದ ಎಎಸ್‌ಎಂ2362, ಜೆಮೈಕ್ರಾನ್‌ನ ಜೆಎಂಎಸ್583. ಮೂರೂ 10 ಗಿಗಾಬಿಟ್. ಆರ್‌ಟಿಎಲ್9210ಬಿ ಎಂಬ ತಳಿ ಎಂ.2 ಸಾಟಾವನ್ನೂ ಎನ್‌ವಿಎಂಇಯನ್ನೂ ಒಂದೇ ಸ್ಲಾಟ್‌ನಲ್ಲಿ ಓದುತ್ತದೆ. ರಿಪೇರಿ ಅಂಗಡಿಯವರು ಒಂದೇ ಕೇಸಿಂಗ್ ಇಟ್ಟುಕೊಳ್ಳುವುದಾದರೆ ಅದನ್ನೇ ಇಟ್ಟುಕೊಳ್ಳಲಿ. ಜೆಎಂಎಸ್583ರ ಮೊದಲ ತಳಿಗಳು ಬಿಸಿಗೂ ನಡುನಡುವೆ ಕಳಚಿಕೊಳ್ಳುವುದಕ್ಕೂ ಹೆಸರಾಗಿದ್ದವು. ನಂತರದ ತಳಿಗಳು ಸುಧಾರಿಸಿವೆ, ಆದರೆ ಅಂಗಡಿಯ ಮೂಲೆಯಲ್ಲಿ ಉಳಿದ ಹಳೆ ಸ್ಟಾಕ್ ಯಾವುದೆಂದು ಹೊರಗಿನಿಂದ ತಿಳಿಯದು.

20 ಗಿಗಾಬಿಟ್‌ನ ಎಎಸ್‌ಎಂ2364 ಕೇಸಿಂಗ್ ಹೆಚ್ಚಿನವರಿಗೆ ದಂಡದ ಖರ್ಚು. ಅದರ ಪೂರ್ತಿ ವೇಗಕ್ಕೆ ‘ಜನ್ 2 ಬೈ 2’ ಪೋರ್ಟ್ ಬೇಕು, ಅದಿರುವ ಲ್ಯಾಪ್‌ಟಾಪ್ ವಿರಳ. ಇಲ್ಲದ ಕಡೆ ಅದು 10ಕ್ಕೇ ಇಳಿಯುತ್ತದೆ. ಯುಎಸ್‌ಬಿ4ರ ಎಎಸ್‌ಎಂ2464ಪಿಡಿ ಬೇರೆಯೇ ದರ್ಜೆ. ಯುಎಸ್‌ಬಿ4 ಪೋರ್ಟಿಗೆ ಚುಚ್ಚಿದಾಗ ಲಿನಕ್ಸ್‌ಗೆ ಅದು ಒಳಗಿನ ಎನ್‌ವಿಎಂಇಯಂತೆಯೇ ಕಾಣುವುದರಿಂದ ಟ್ರಿಮ್, ಸ್ಮಾರ್ಟ್ ಯಾವ ರಗಳೆಯೂ ಇಲ್ಲ. ಬೆಲೆ ಮಾತ್ರ ಹಲವು ಪಟ್ಟು.

ಅಂಗಡಿಯವರಿಗೆ ಚಿಪ್ ಹೆಸರು ಗೊತ್ತಿಲ್ಲದಿದ್ದರೆ ಒಂದು ದಾರಿ ಇದೆ. ನಿಮ್ಮ ಲಿನಕ್ಸ್ ಲ್ಯಾಪ್‌ಟಾಪ್ ಒಯ್ದು, ಅಡಾಪ್ಟರ್ ಚುಚ್ಚಿ ‘ಎಲ್‌ಎಸ್‌ಯುಎಸ್‌ಬಿ’ ಕೊಡಿ. ಐಡಿಯ ಮೊದಲ ಭಾಗ ತಯಾರಕರದು: 174ಸಿ ಎಂದರೆ ಎಎಸ್‌ಮೀಡಿಯಾ, 152ಡಿ ಜೆಮೈಕ್ರಾನ್, 0ಬಿಡಿಎ ರಿಯಲ್‌ಟೆಕ್. ಎರಡನೆಯ ಭಾಗ ಚಿಪ್‌ನದು: 152ಡಿ:0578, 152ಡಿ:0583, 174ಸಿ:2362, 0ಬಿಡಿಎ:9210 ನೋಡಿದೊಡನೆ ತಿಳಿಯುವಂಥವು. 174ಸಿ:55ಎಎ ಮಾತ್ರ ಗೊಂದಲದ್ದು. ಹಳೆಯ ಎಎಸ್‌ಎಂ1051ರಿಂದ 1153ಇ ತನಕ ಹಲವು ಚಿಪ್‌ಗಳು ಇದೇ ಐಡಿ ತೋರಿಸುತ್ತವೆ. ಅದರಲ್ಲಿ 1051 ಯುಎಎಸ್‌ಗೆ ಯೋಗ್ಯವಲ್ಲವೆಂದು ಕರ್ನೆಲ್ ತಾನೇ ಗುರುತಿಸಿ ಯುಎಎಸ್ ನಿಲ್ಲಿಸುತ್ತದೆ. ಕೆಲವು ಬ್ರಾಂಡ್‌ಗಳು ಚಿಪ್ ತಯಾರಕರ ಐಡಿ ತೆಗೆದು ತಮ್ಮದನ್ನು ಹಾಕಿರುತ್ತವೆ. ಆಗ ಮುಂದೆ ಹೇಳುವ ಪರೀಕ್ಷೆಯೇ ಗತಿ.

ಪೋರ್ಟ್ ಎಷ್ಟು ಕೊಡುತ್ತದೋ ಅಷ್ಟೇ

ಯುಎಸ್‌ಬಿ 3.0, 3.1 ಜನ್ 1, 3.2 ಜನ್ 1 ಮೂರೂ ಒಂದೇ: ಸೆಕೆಂಡಿಗೆ 5 ಗಿಗಾಬಿಟ್. 3.1 ಜನ್ 2 ಮತ್ತು 3.2 ಜನ್ 2 ಎಂದರೆ 10 ಗಿಗಾಬಿಟ್. 5 ಗಿಗಾಬಿಟ್ ಪೋರ್ಟ್‌ನಲ್ಲಿ ನಿಜಕ್ಕೂ ಸಿಗುವುದು ಸೆಕೆಂಡಿಗೆ 400ರಿಂದ 450 ಮೆಗಾಬೈಟ್, 10ರಲ್ಲಿ 1000ದ ಆಸುಪಾಸು. ಸಾಟಾ ಎಸ್‌ಎಸ್‌ಡಿಯೇ 550ಕ್ಕಿಂತ ಮೇಲೆ ಹೋಗದು. ಅಂದಮೇಲೆ ಲ್ಯಾಪ್‌ಟಾಪ್‌ನಲ್ಲಿ ಬರೀ 3.0 ಪೋರ್ಟ್ ಇದ್ದು, ಡ್ರೈವ್ ಸಾಟಾ ಆಗಿದ್ದರೆ 10 ಗಿಗಾಬಿಟ್ ಅಡಾಪ್ಟರ್‌ಗೆ ಹೆಚ್ಚು ಕೊಡುವ ಕಾರಣವಿಲ್ಲ.

ನಿಜವಾದ ನಷ್ಟ ಆಗುವುದು ಸದ್ದಿಲ್ಲದೆ ಯುಎಸ್‌ಬಿ 2ಕ್ಕೆ ಇಳಿದಾಗ. 200 ಜಿಬಿಯ ಮದುವೆ ಪ್ರಾಜೆಕ್ಟ್ 430 ಮೆಗಾಬೈಟ್ ವೇಗದಲ್ಲಿ 8 ನಿಮಿಷದೊಳಗೆ ದಾಟುತ್ತದೆ. ಯುಎಸ್‌ಬಿ 2ರ 38 ಮೆಗಾಬೈಟ್‌ನಲ್ಲಿ ಅದಕ್ಕೇ ಸುಮಾರು ಒಂದೂವರೆ ಗಂಟೆ. ಇಳಿಯುವ ಕಾರಣ ಬಹಳ ಸಲ ಸಣ್ಣದೇ ಆಗಿರುತ್ತದೆ. ನೀಲಿ ಪೋರ್ಟ್‌ನಲ್ಲಿ ಹಳೆಯ ನಾಲ್ಕು ಪಿನ್ ಜೊತೆಗೆ ಇನ್ನೂ ಐದು ಪಿನ್ ಇರುತ್ತವೆ. ಆ ಐದು ಸರಿಯಾಗಿ ತಾಗದಿದ್ದರೆ ಡ್ರೈವ್ ನಾಲ್ಕರಲ್ಲೇ ಕೆಲಸ ಶುರುಮಾಡುತ್ತದೆ, ಯಾವ ಎಚ್ಚರಿಕೆಯೂ ಪರದೆ ಮೇಲೆ ಬರುವುದಿಲ್ಲ. ನಿಧಾನವಾಗಿ ತಳ್ಳುತ್ತಾ ಚುಚ್ಚಿದರೂ ಹೀಗಾಗಬಹುದು, ಒಂದೇ ಬಾರಿಗೆ ಪೂರ್ತಿ ಒಳಗೆ ಹಾಕಿ. ಟೈಪ್-ಸಿ ಆದರೆ ಎರಡೂ ಮಗ್ಗುಲು ಚುಚ್ಚಿ ನೋಡಿ. ಒಂದು ಮಗ್ಗುಲಲ್ಲಿ 5000, ಇನ್ನೊಂದರಲ್ಲಿ 480 ಬಂದರೆ ಕೇಬಲ್ ಅಥವಾ ಪೋರ್ಟ್‌ನ ಒಂದು ಸಾಲು ಹೋಗಿದೆ.

ಕೇಬಲ್ 30ರಿಂದ 50 ಸೆಂಟಿಮೀಟರ್ ಸಾಕು. ಫೋನ್ ಚಾರ್ಜರ್‌ನ ಟೈಪ್-ಸಿ ಕೇಬಲ್ ಹಾಕಿ ‘ಸ್ಲೋ ಇದೆ’ ಎನ್ನಬೇಡಿ, ಅವುಗಳಲ್ಲಿ ಬಹುಪಾಲು ಯುಎಸ್‌ಬಿ 2ರ ತಂತಿಯಷ್ಟೇ ಇರುತ್ತದೆ. ಡೆಸ್ಕ್‌ಟಾಪ್‌ನಲ್ಲಿ ಮುಂಭಾಗದ ಪೋರ್ಟ್ ಬಿಟ್ಟು ಹಿಂದೆ ಮದರ್‌ಬೋರ್ಡ್‌ನ ಮೇಲಿರುವ ಪೋರ್ಟ್‌ಗೇ ಹಾಕಿ. ಇನ್ನೊಂದು ಮಾತು: ಯುಎಸ್‌ಬಿ 3 ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್‌ನಲ್ಲಿ ಗದ್ದಲ ಎಬ್ಬಿಸುತ್ತದೆ. ಕಾಪಿ ನಡೆವಾಗ ವೈರ್‌ಲೆಸ್ ಮೌಸ್ ತಡವರಿಸಿದರೆ, ವೈಫೈ ಬಿದ್ದರೆ, ಅವುಗಳ ಡಾಂಗಲ್ ಅನ್ನು ಡ್ರೈವ್‌ನಿಂದ ದೂರದ ಪೋರ್ಟ್‌ಗೆ ಹಾಕಿ.

ಪವರ್ ಸಾಲದಿದ್ದರೆ

ಯುಎಸ್‌ಬಿ 2 ಪೋರ್ಟ್ 5 ವೋಲ್ಟ್‌ನಲ್ಲಿ 500 ಮಿಲಿಆಂಪ್, ಯುಎಸ್‌ಬಿ 3 ಪೋರ್ಟ್ 900 ಮಿಲಿಆಂಪ್ ಕೊಡಬೇಕೆಂಬುದು ನಿಯಮ. 900 ಎಂದರೆ 4.5 ವಾಟ್. ಸಾಟಾ ಎಸ್‌ಎಸ್‌ಡಿಯ ಲೇಬಲ್‌ನಲ್ಲಿ 5 ವೋಲ್ಟ್ 1 ಆಂಪ್‌ಗಿಂತ ಹೆಚ್ಚು ಬರೆದಿದ್ದರೂ ಅದು ಗರಿಷ್ಠದ ಅಂಕಿ. ಸಾಮಾನ್ಯ ಕೆಲಸಕ್ಕೆ 4.5 ವಾಟ್ ಸಾಕಾಗುತ್ತದೆ. ಎನ್‌ವಿಎಂಇಯಲ್ಲಿ ಹಾಗಲ್ಲ. ಎಡೆಬಿಡದೆ ಬರೆಯುವಾಗ 5 ವಾಟ್ ದಾಟುವ ಡ್ರೈವ್‌ಗಳು ಬೇಕಾದಷ್ಟಿವೆ, ಮೇಲೆ ಬ್ರಿಜ್ ಚಿಪ್‌ನ ಪಾಲು ಬೇರೆ. ಹಳೆ ಲ್ಯಾಪ್‌ಟಾಪ್‌ನ ಟೈಪ್-ಎ ಪೋರ್ಟ್‌ನಲ್ಲಿ ಸಣ್ಣ ಫೈಲ್ ಸರಾಗವಾಗಿ ಹೋಗಿ, 20-30 ಜಿಬಿ ಆಗುವಷ್ಟರಲ್ಲಿ ಡ್ರೈವ್ ಮಾಯವಾದರೆ ಮೊದಲ ಅನುಮಾನ ಪವರ್ ಮೇಲೆ ಇರಲಿ. ಟೈಪ್-ಸಿ ಪೋರ್ಟ್ ಇದ್ದರೆ ಅದಕ್ಕೆ ಹಾಕಿ, ಇಲ್ಲವಾದರೆ ತನ್ನದೇ ಪವರ್ ಅಡಾಪ್ಟರ್ ಇರುವ ಪವರ್ಡ್ ಹಬ್ ಬಳಸಿ.

ರಾಸ್‌ಬೆರಿ ಪೈ 4ರಲ್ಲಿ ನಾಲ್ಕೂ ಯುಎಸ್‌ಬಿ ಪೋರ್ಟ್ ಸೇರಿ 1.2 ಆಂಪ್ ಅಷ್ಟೇ. ಪೈ 5ರಲ್ಲಿ 5 ಆಂಪ್‌ನ ಸಪ್ಲೈ ಇದ್ದರೆ 1.6 ಆಂಪ್, 3 ಆಂಪ್ ಸಪ್ಲೈ ಇದ್ದರೆ 600 ಮಿಲಿಆಂಪ್‌ಗೆ ಅದೇ ಕಡಿತ ಹಾಕುತ್ತದೆ. ಶಾಲೆಯ ಲ್ಯಾಬ್‌ನಲ್ಲಿ ಪೈ ಇಟ್ಟು ಎಸ್‌ಎಸ್‌ಡಿಯಿಂದ ಬೂಟ್ ಮಾಡುವವರು ಮೊದಲು ಸಪ್ಲೈ ಸರಿಮಾಡಿಕೊಳ್ಳಬೇಕು, ಅಡಾಪ್ಟರ್ ಬದಲಿಸುವ ಮಾತು ಆಮೇಲೆ. 3.5 ಇಂಚಿನ ಹಾರ್ಡ್‌ಡಿಸ್ಕ್‌ಗೆ 12 ವೋಲ್ಟ್ ಬೇಕು, ಅದು ಈ ಅಡಾಪ್ಟರ್‌ಗಳಲ್ಲಿ ತಿರುಗುವುದೇ ಇಲ್ಲ.

ನಮ್ಮ ಬಿಸಿಲು, ನಮ್ಮ ಧೂಳು

ಏಪ್ರಿಲ್-ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿಯ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು. ತಗಡಿನ ಶೀಟಿನ ಕೆಳಗಿನ ಅಂಗಡಿಯಲ್ಲಿ ಮಧ್ಯಾಹ್ನದ ಸೆಕೆ ಹೊರಗಿನದಕ್ಕಿಂತಲೂ ಜಾಸ್ತಿ. ಎನ್‌ವಿಎಂಇ ಡ್ರೈವ್‌ಗಳು 70-80 ಡಿಗ್ರಿ ಮುಟ್ಟಿದಾಗ ತಾವೇ ವೇಗ ತಗ್ಗಿಸಿಕೊಳ್ಳುತ್ತವೆ. 25 ಡಿಗ್ರಿಯ ಕೋಣೆಯಲ್ಲಿ ಪರೀಕ್ಷಿಸಿ ಬರೆದ ವಿಮರ್ಶೆಯ ಅಂಕಿಗೂ ನಿಮ್ಮ ಮೇಜಿನ ಮೇಲಿನ ಅಂಕಿಗೂ ಹೊಂದದಿರುವುದು ಇದರಿಂದಲೇ.

ಹಾಗಾಗಿ ಎನ್‌ವಿಎಂಇಗೆ ಪ್ಲಾಸ್ಟಿಕ್ ಕೇಸಿಂಗ್ ಬೇಡ, ಅಲ್ಯೂಮಿನಿಯಂ ಇರಲಿ. ಅಲ್ಯೂಮಿನಿಯಂ ಇದ್ದರಷ್ಟೇ ಸಾಲದು, ಡ್ರೈವ್‌ಗೂ ಮುಚ್ಚಳಕ್ಕೂ ನಡುವೆ ಥರ್ಮಲ್ ಪ್ಯಾಡ್ ಕೂರಬೇಕು. ಅದು ತಾಗಿದೆಯೋ ಇಲ್ಲವೋ ನೋಡುವುದು ಸುಲಭ: ಪ್ಯಾಡ್‌ನ ಎರಡೂ ಬದಿಯ ಪ್ಲಾಸ್ಟಿಕ್ ಹಾಳೆ ಕಿತ್ತು ಮುಚ್ಚಳ ಹಾಕಿ ತಿರುಪು ಬಿಗಿಯಿರಿ, ಮತ್ತೆ ಬಿಚ್ಚಿ ನೋಡಿ. ಪ್ಯಾಡ್ ಮೇಲೆ ಚಿಪ್‌ಗಳ ಚೌಕ ಅಚ್ಚು ಮೂಡಿರಬೇಕು. ಮೂಡದಿದ್ದರೆ ಪ್ಯಾಡ್ ತೆಳುವಾಯಿತು, ಬಿಸಿ ಒಳಗೇ ಉಳಿಯುತ್ತದೆ. ಇನ್ನೂ ದಪ್ಪದ್ದು ಹಾಕಿ. ಹಾಳೆಯನ್ನು ಕೀಳದೆಯೇ ಪ್ಯಾಡ್ ಅಂಟಿಸಿಬಿಡುವುದು ಬಹಳ ಕಡೆ ನಡೆಯುವ ತಪ್ಪು. ಕಾಪಿ ಮಾಡುವಾಗ ಕೇಸಿಂಗ್ ಕೈಸುಡುವಂತಾದರೆ ಹೆದರಬೇಡಿ, ಬಿಸಿ ಹೊರಗೆ ಬರುತ್ತಿದೆ ಎಂದರ್ಥ. ಅದನ್ನು ಹಾಸಿಗೆ ಮೇಲೆ, ಲ್ಯಾಪ್‌ಟಾಪ್‌ನ ಬಿಸಿಗಾಳಿ ಬರುವ ಬದಿಯಲ್ಲಿ ಇಡಬೇಡಿ. ದೊಡ್ಡ ಬ್ಯಾಕಪ್ ಬೆಳಿಗ್ಗೆ ಬೇಗ ಹಚ್ಚುವುದು ಲೇಸು. ಸಾಟಾ ಎಸ್‌ಎಸ್‌ಡಿ ಇಷ್ಟು ಬಿಸಿಯಾಗದು. ಬ್ಯಾಕಪ್‌ಗಷ್ಟೇ ಬೇಕು, ವೇಗ ಮುಖ್ಯವಲ್ಲ ಎನ್ನುವವರಿಗೆ ನಮ್ಮ ಬೇಸಿಗೆಗೆ ಸಾಟಾವೇ ನೆಮ್ಮದಿ.

ಸಂಡೂರು, ತೋರಣಗಲ್ಲು ಕಡೆಯ ಅದಿರಿನ ಧೂಳು, ಗಿಣಿಗೇರಿ ಸುತ್ತಿನ ಕಾರ್ಖಾನೆ ಧೂಳು, ಶಕ್ತಿನಗರದ ಹಾರುಬೂದಿ ಪೋರ್ಟ್‌ನೊಳಗೆ ಸೇರಿದರೆ ಆ ಐದು ಪಿನ್‌ಗಳೇ ಮೊದಲು ಕೆಡುತ್ತವೆ. ಸಾಟಾ ಡ್ರೈವ್ ಅನ್ನು ಬರೀ ಕೇಬಲ್ ಅಡಾಪ್ಟರ್‌ಗೆ ನೇತುಹಾಕಿ ಬಳಸುವ ಬದಲು ಮುಚ್ಚಿದ ಕೇಸಿಂಗ್ ತೆಗೆದುಕೊಳ್ಳಿ. ಕೇಬಲ್ ಅಡಾಪ್ಟರ್ ರಿಪೇರಿ ಮೇಜಿಗೆ ಸರಿ, ಬ್ಯಾಗಿನಲ್ಲಿ ಒಯ್ಯಲು ಅಲ್ಲ. ಪೋರ್ಟನ್ನು ಒಣ ಬ್ರಷ್‌ನಿಂದ ಒರೆಸಿ, ಬಾಯಿಂದ ಊದಬೇಡಿ. ಎಂಜಲಿನ ತೇವ ಧೂಳನ್ನು ಅಂಟಿಸುತ್ತದೆ.

ಬಿಸಿಲಿಗೆ ಸಂಬಂಧಿಸಿದ ಇನ್ನೊಂದು ಸಂಗತಿ ಸ್ಟುಡಿಯೋದವರಿಗೆ. ಚಿಪ್ ಉದ್ಯಮದ ಸಂಸ್ಥೆ ಜೆಡೆಕ್‌ನ ಮಾನದಂಡದ ಪ್ರಕಾರ ಬರೆಯುವ ಆಯಸ್ಸು ಪೂರ್ತಿ ಮುಗಿದ ಸಾಮಾನ್ಯ ಎಸ್‌ಎಸ್‌ಡಿ ಪವರ್ ಇಲ್ಲದೆ 30 ಡಿಗ್ರಿಯಲ್ಲಿ 1 ವರ್ಷ ಡೇಟಾ ಹಿಡಿದಿಟ್ಟುಕೊಳ್ಳಬೇಕು. ಬಿಸಿ ಏರಿದಷ್ಟೂ ಆ ಅವಧಿ ಕುಗ್ಗುತ್ತದೆ. ಹೊಸ ಡ್ರೈವ್ ಇದಕ್ಕಿಂತ ಬಹಳ ಹೆಚ್ಚು ಕಾಲ ತಡೆಯುತ್ತದೆ, ನಿಜ. ಆದರೂ ಚೆನ್ನಾಗಿ ಸವೆದ ಎಸ್‌ಎಸ್‌ಡಿಯಲ್ಲಿ ಮದುವೆ ವಿಡಿಯೋದ ಒಂದೇ ಪ್ರತಿ ಇಟ್ಟು ಕಬ್ಬಿಣದ ಬೀರುವಿನಲ್ಲಿ ವರ್ಷಗಟ್ಟಲೆ ಬಿಡುವುದು ಬೇಡ.

ತಂದ ದಿನವೇ ಮಾಡುವ ಪರೀಕ್ಷೆ

ಡ್ರೈವ್‌ನಲ್ಲಿ ಬೇಕಾದ ಡೇಟಾ ಇರಬಾರದು. ‘ಸುಡೊ ಎಪಿಟಿ ಇನ್‌ಸ್ಟಾಲ್ ಸ್ಮಾರ್ಟ್‌ಮಾನ್‌ಟೂಲ್ಸ್ ಎಸ್‌ಜಿ3-ಯುಟಿಲ್ಸ್’ ಎಂದು ಕೊಟ್ಟು ಬೇಕಾದ ಸಾಧನಗಳನ್ನು ಹಾಕಿಕೊಳ್ಳಿ. ಇದು ಉಬುಂಟು, ಮಿಂಟ್, ಡೆಬಿಯನ್‌ಗೆ.

1. ಚುಚ್ಚಿದ ಮೇಲೆ ‘ಎಲ್‌ಎಸ್‌ಯುಎಸ್‌ಬಿ -ಟಿ’ ಕೊಡಿ. ಅಡಾಪ್ಟರ್ ಸಾಲಿನಲ್ಲಿ ಡ್ರೈವರ್ ‘ಯುಎಎಸ್’ ಎಂದಿರಬೇಕು, ಕೊನೆಯಲ್ಲಿ 5000ಎಂ ಅಥವಾ 10000ಎಂ ಇರಬೇಕು. ‘ಯುಎಸ್‌ಬಿ-ಸ್ಟೋರೇಜ್’ ಎಂದಿದ್ದರೆ ಯುಎಎಸ್ ಇಲ್ಲ. 480ಎಂ ಎಂದಿದ್ದರೆ ಮೇಲೆ ಹೇಳಿದಂತೆ ಕೇಬಲ್, ಪೋರ್ಟ್ ನೋಡಿ.

2. ‘ಎಲ್‌ಎಸ್‌ಬಿಎಲ್‌ಕೆ’ಯಿಂದ ಡ್ರೈವ್‌ನ ಹೆಸರು ಗುರುತಿಸಿಕೊಳ್ಳಿ. ಇಲ್ಲಿ /ಡೆವ್/ಎಸ್‌ಡಿಬಿ ಎಂದಿಟ್ಟುಕೊಳ್ಳೋಣ. ಗಾತ್ರ ಹೊಂದಿದೆಯೇ ಎಂದು ಎರಡು ಸಲ ನೋಡಿ, ತಪ್ಪು ಹೆಸರು ಕೊಟ್ಟರೆ ಒಳಗಿನ ಡಿಸ್ಕ್ ಅಳಿಸಿಹೋಗುತ್ತದೆ.

3. ‘ಸುಡೊ ಸ್ಮಾರ್ಟ್‌ಸಿಟಿಎಲ್ -ಎ /ಡೆವ್/ಎಸ್‌ಡಿಬಿ’. ಸಾಟಾದಲ್ಲಿ ಏನೂ ಬರದಿದ್ದರೆ ನಡುವೆ ‘-ಡಿ ಸ್ಯಾಟ್’ ಸೇರಿಸಿ. ಎನ್‌ವಿಎಂಇಗೆ ಚಿಪ್ ನೋಡಿಕೊಂಡು ‘-ಡಿ ಎಸ್‌ಎನ್‌ಟಿರಿಯಲ್‌ಟೆಕ್’, ‘-ಡಿ ಎಸ್‌ಎನ್‌ಟಿಎಎಸ್‌ಮೀಡಿಯಾ’ ಅಥವಾ ‘-ಡಿ ಎಸ್‌ಎನ್‌ಟಿಜೆಮೈಕ್ರಾನ್’. ಡ್ರೈವ್‌ನ ನಿಜವಾದ ಮಾಡೆಲ್ ಹೆಸರು, ಬಿಸಿ, ಎಷ್ಟು ಶೇಕಡಾ ಸವೆದಿದೆ ಎಂಬುದು ಕಾಣಬೇಕು.

4. ಡ್ರೈವನ್ನು ಇಎಕ್ಸ್‌ಟಿ4ಗೆ (ಲಿನಕ್ಸ್‌ನ ಫೈಲ್ ವ್ಯವಸ್ಥೆ) ಫಾರ್ಮ್ಯಾಟ್ ಮಾಡಿ ಮೌಂಟ್ ಮಾಡಿ. ಒಂದು ಟರ್ಮಿನಲ್‌ನಲ್ಲಿ ‘ಸುಡೊ ಜರ್ನಲ್‌ಸಿಟಿಎಲ್ -ಕೆಎಫ್’ ಓಡುತ್ತಿರಲಿ. ಇನ್ನೊಂದರಿಂದ 30 ಜಿಬಿಗಿಂತ ಹೆಚ್ಚಿನ ದೊಡ್ಡ ಫೈಲ್‌ಗಳನ್ನು ಕಾಪಿ ಮಾಡಿ. ಕರ್ನೆಲ್ ಸಾಲುಗಳಲ್ಲಿ ‘ರಿಸೆಟ್ ಸೂಪರ್‌ಸ್ಪೀಡ್ ಯುಎಸ್‌ಬಿ ಡಿವೈಸ್’ ಅಥವಾ ‘ಯುಎಎಸ್ ಅಬಾರ್ಟ್ ಹ್ಯಾಂಡ್ಲರ್’ ಎಂಬಂಥದ್ದು ಒಂದೂ ಬರಬಾರದು. ಒಮ್ಮೆ ಬಂದು ಕಾಪಿ ಮುಂದುವರಿದರೂ ಅದು ಕೆಟ್ಟ ಸೂಚನೆಯೇ.

5. ಕಾಪಿ ಮುಗಿದ ಮೇಲೆ ‘ಸಿಂಕ್’ ಕೊಟ್ಟು, ಅನ್‌ಮೌಂಟ್ ಮಾಡಿ, ಕೇಬಲ್ ತೆಗೆದು ಮತ್ತೆ ಚುಚ್ಚಿ, ‘ಎಸ್‌ಎಚ್‌ಎ256ಸಮ್’ನಿಂದ ಮೂಲ ಫೈಲನ್ನೂ ಪ್ರತಿಯನ್ನೂ ಹೋಲಿಸಿ. ಕಳಚದೆ ಹೋಲಿಸಿದರೆ ಲಿನಕ್ಸ್ ತನ್ನ ಮೆಮೊರಿಯಲ್ಲಿ ಉಳಿದ ಪ್ರತಿಯನ್ನೇ ಓದಿ ಸರಿಯಿದೆ ಎಂದುಬಿಡಬಹುದು.

6. ಅರ್ಧ ಗಂಟೆ ಮುಟ್ಟದೆ ಬಿಟ್ಟು ಆಮೇಲೆ ಒಂದು ಫೋಲ್ಡರ್ ತೆರೆಯಿರಿ. ಕೆಲವು ಅಡಾಪ್ಟರ್‌ಗಳು ಮಲಗಿದ ಮೇಲೆ ಏಳುವುದಿಲ್ಲ.

ಬರೆಯುವ ವೇಗ ಮೊದಲ ಒಂದಷ್ಟು ಜಿಬಿ ಆದಮೇಲೆ ಇಳಿದರೆ ಅಡಾಪ್ಟರನ್ನೇ ದೂರಬೇಡಿ. ಅಗ್ಗದ ಎಸ್‌ಎಸ್‌ಡಿಗಳಲ್ಲಿ ವೇಗದ ಕ್ಯಾಶ್ ತುಂಬಿದ ಮೇಲೆ ಹೀಗೇ ಆಗುತ್ತದೆ. ಡಿ-ರ‍್ಯಾಮ್ (ತನ್ನದೇ ಮೆಮೊರಿ) ಇಲ್ಲದ ಎನ್‌ವಿಎಂಇ ಡ್ರೈವ್ ಲ್ಯಾಪ್‌ಟಾಪ್ ಒಳಗಿರುವಾಗ ಕಂಪ್ಯೂಟರಿನ ಮೆಮೊರಿಯಲ್ಲಿ ಒಂದಿಷ್ಟನ್ನು ಎರವಲು ಪಡೆಯುತ್ತದೆ; ಯುಎಸ್‌ಬಿ ಬ್ರಿಜ್ ಹಿಂದೆ ಆ ಸೌಲಭ್ಯ ಇಲ್ಲ. ಒಳಗೆ ಚುರುಕಾಗಿದ್ದದ್ದು ಹೊರಗೆ ಮಂದವಾಗಲು ಅದೂ ಒಂದು ಕಾರಣ.

ಟ್ರಿಮ್ ಸಿಗುತ್ತಿದೆಯೇ

‘ಎಲ್‌ಎಸ್‌ಬಿಎಲ್‌ಕೆ -ಡಿ’ ಕೊಡಿ. ಇಲ್ಲಿ ಡಿ ದೊಡ್ಡಕ್ಷರ. ‘ಡಿಸ್ಕ್-ಮ್ಯಾಕ್ಸ್’ ಕಾಲಂನಲ್ಲಿ ಸೊನ್ನೆ ಇಲ್ಲದಿದ್ದರೆ ಟ್ರಿಮ್ ಇದೆ. ‘ಸುಡೊ ಎಫ್‌ಎಸ್‌ಟ್ರಿಮ್ -ವಿ’ ಜೊತೆ ಮೌಂಟ್ ಜಾಗ ಕೊಟ್ಟರೆ ಎಷ್ಟು ಜಾಗ ಟ್ರಿಮ್ ಆಯಿತೆಂದು ಹೇಳುತ್ತದೆ. ವಾರಕ್ಕೊಮ್ಮೆ ತಾನಾಗಿ ಓಡುವ ಎಫ್‌ಎಸ್‌ಟ್ರಿಮ್ ಟೈಮರ್ ಸಾಮಾನ್ಯವಾಗಿ ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟ್ ಆಗುವಾಗ ಮೌಂಟ್ ಮಾಡಬೇಕಾದವುಗಳ ಪಟ್ಟಿ) ಬರೆದಿರುವ ಡ್ರೈವ್‌ಗಳನ್ನಷ್ಟೇ ಮುಟ್ಟುತ್ತದೆ. ಚುಚ್ಚಿದಾಗ ಡೆಸ್ಕ್‌ಟಾಪ್‌ನಲ್ಲಿ ತಾನಾಗಿ ತೆರೆದುಕೊಳ್ಳುವ ಡ್ರೈವ್‌ಗೆ ತಿಂಗಳಿಗೊಮ್ಮೆ ನೀವೇ ಮಾಡಬೇಕು.

ಸೊನ್ನೆ ಬಂದರೆ ‘ಸುಡೊ ಎಸ್‌ಜಿ_ವಿಪಿಡಿ -ಪಿ ಎಲ್‌ಬಿಪಿವಿ /ಡೆವ್/ಎಸ್‌ಡಿಬಿ’ ನೋಡಿ. ಅದರಲ್ಲಿ ‘ಅನ್‌ಮ್ಯಾಪ್ ಕಮಾಂಡ್ ಸಪೋರ್ಟೆಡ್’ ಎದುರು 1 ಇದ್ದರೆ ಚಿಪ್‌ಗೆ ಟ್ರಿಮ್ ಗೊತ್ತಿದೆ, ಆದರೆ ಕರ್ನೆಲ್‌ಗೆ ಸರಿಯಾಗಿ ಹೇಳಿಕೊಂಡಿಲ್ಲ. ಆಗ ಆ ಡಿಸ್ಕ್‌ನ ‘ಪ್ರೊವಿಶನಿಂಗ್_ಮೋಡ್’ ಎಂಬ ಸಿಸ್‌ಎಫ್‌ಎಸ್ ಕಡತದಲ್ಲಿ ‘ಫುಲ್’ ಬದಲು ‘ಅನ್‌ಮ್ಯಾಪ್’ ಬರೆದರೆ ಟ್ರಿಮ್ ತೆರೆದುಕೊಳ್ಳುತ್ತದೆ. ಪ್ರತಿ ಸಲ ಆಗಬೇಕೆಂದರೆ ಅಡಾಪ್ಟರ್‌ನ ಐಡಿಗೆ ಕಟ್ಟಿದ, ಚುಚ್ಚಿದಾಗ ತಾನಾಗಿ ಓಡುವ ಯುಡೆವ್ ನಿಯಮ ಬರೆಯಬೇಕು. 0 ಇದ್ದರೆ ಒತ್ತಾಯ ಮಾಡಬೇಡಿ. ಚಿಪ್ ಅರ್ಥಮಾಡಿಕೊಳ್ಳದ ಕಮಾಂಡನ್ನು ಬಲವಂತದಿಂದ ಕಳಿಸಿದರೆ ಡೇಟಾ ಹಾಳಾಗುವ ಅಪಾಯವಿದೆ. 1 ಇದ್ದಾಗಲೂ ಮೊದಲ ಸಲ ಖಾಲಿ ಡ್ರೈವ್‌ನಲ್ಲಿ ಒಂದಷ್ಟು ಫೈಲ್ ಹಾಕಿ, ಕೆಲವನ್ನು ಅಳಿಸಿ, ಟ್ರಿಮ್ ಮಾಡಿ, ಉಳಿದವು ಸರಿಯಾಗಿವೆಯೇ ಎಂದು ಚೆಕ್‌ಸಮ್‌ನಿಂದ ನೋಡಿಕೊಳ್ಳಿ.

ಟ್ರಿಮ್ ಇಲ್ಲದ ಅಡಾಪ್ಟರ್ ಎಸೆಯಲೇಬೇಕೆ? ತಿಂಗಳಿಗೊಮ್ಮೆ ಬ್ಯಾಕಪ್ ಬರೆಯುವುದಷ್ಟೇ ಆಗಿದ್ದರೆ ಇಲ್ಲ. ಹೊಸದಾಗಿ ಪಾರ್ಟಿಶನ್ ಮಾಡುವಾಗ ಕಾಲು ಭಾಗ ಖಾಲಿ ಬಿಟ್ಟು ಬಳಸಿ. ದಿನವೂ ಎಡಿಟಿಂಗ್ ನಡೆಯುವ ಡ್ರೈವ್‌ಗೆ, ಅದರಿಂದಲೇ ಲಿನಕ್ಸ್ ಬೂಟ್ ಮಾಡುವುದಕ್ಕೆ ಮಾತ್ರ ಟ್ರಿಮ್ ಇರುವುದನ್ನೇ ಹುಡುಕಿ.

ನಡುವೆ ಕಳಚಿಕೊಳ್ಳುತ್ತಿದ್ದರೆ

ಮೊದಲು ಬೇರೆ ಕೇಬಲ್, ಬೇರೆ ಪೋರ್ಟ್, ಪವರ್ಡ್ ಹಬ್. ಇವು ಮೂರೂ ಆಗಿ, ಕರ್ನೆಲ್ ಸಾಲುಗಳಲ್ಲಿ ಯುಎಎಸ್ ದೂರು ಬರುತ್ತಲೇ ಇದ್ದರೆ ಆ ಅಡಾಪ್ಟರ್‌ಗಷ್ಟೇ ಯುಎಎಸ್ ನಿಲ್ಲಿಸಬಹುದು. /ಇಟಿಸಿ/ಮಾಡ್‌ಪ್ರೋಬ್.ಡಿ ಒಳಗೆ .ಕಾನ್ಫ್ ಎಂದು ಕೊನೆಯಾಗುವ ಹೊಸ ಕಡತ ಮಾಡಿ, ‘ಆಪ್ಷನ್ಸ್ ಯುಎಸ್‌ಬಿ-ಸ್ಟೋರೇಜ್ ಕ್ವಿರ್ಕ್ಸ್=152ಡಿ:0578:ಯು’ ಎಂದು ಒಂದು ಸಾಲು ಬರೆಯಿರಿ; ಐಡಿ ನಿಮ್ಮ ಅಡಾಪ್ಟರ್‌ನದು. ‘ಸುಡೊ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು’ ಕೊಟ್ಟು ರೀಬೂಟ್ ಮಾಡಿ. ರಾಸ್‌ಬೆರಿ ಪೈನಲ್ಲಿ ‘ಯುಎಸ್‌ಬಿ-ಸ್ಟೋರೇಜ್.ಕ್ವಿರ್ಕ್ಸ್=’ ಎಂಬುದನ್ನು ಕಮಾಂಡ್‌ಲೈನ್ ಕಡತದ ಅದೇ ಒಂದು ಸಾಲಿನಲ್ಲಿ ಸೇರಿಸಬೇಕು, ಹೊಸ ಸಾಲಿಗೆ ಹೋದರೆ ಕೆಲಸ ಮಾಡದು. ‘ಎಲ್‌ಎಸ್‌ಯುಎಸ್‌ಬಿ -ಟಿ’ಯಲ್ಲಿ ಈಗ ‘ಯುಎಸ್‌ಬಿ-ಸ್ಟೋರೇಜ್’ ಕಾಣಬೇಕು. ವೇಗ ಸ್ವಲ್ಪ ಇಳಿಯುತ್ತದೆ, ಸ್ಥಿರತೆ ಸಿಗುತ್ತದೆ. ಆದರೆ ಈ ಬದಲಾವಣೆಯಿಂದ ಟ್ರಿಮ್ ತಾನಾಗಿ ಸಿಗುವುದು ನಿಂತುಹೋಗಬಹುದು, ಮತ್ತೆ ಪರೀಕ್ಷಿಸಿ. ವಾಪಸ್ ಕೊಡುವ ಅವಧಿ ಇನ್ನೂ ಇದ್ದರೆ ಇಷ್ಟೆಲ್ಲ ಬೇಡ, ಅಡಾಪ್ಟರ್ ಬದಲಿಸಿ.

ಹಳೆ ಡೇಟಾ ಇರುವ ಡ್ರೈವ್ ಚುಚ್ಚಿದಾಗ ಗಾತ್ರ ಸರಿ ತೋರಿಸಿ ಪಾರ್ಟಿಶನ್ ಮಾತ್ರ ಕಾಣದಿದ್ದರೆ ತಕ್ಷಣ ಫಾರ್ಮ್ಯಾಟ್ ಮಾಡಬೇಡಿ. ‘ಎಲ್‌ಎಸ್‌ಬಿಎಲ್‌ಕೆ -ಟಿ’ಯಲ್ಲಿ (ಇಲ್ಲಿ ಸಣ್ಣಕ್ಷರ) ಲಾಜಿಕಲ್ ಸೆಕ್ಟರ್ (ಡಿಸ್ಕ್ ಲೆಕ್ಕಹಾಕುವ ಚಿಕ್ಕ ತುಂಡಿನ ಗಾತ್ರ) ನೋಡಿ. ಒಳಗಿದ್ದಾಗ 512 ಇದ್ದದ್ದು ಅಡಾಪ್ಟರ್‌ನಲ್ಲಿ 4096 ಆಗಿದ್ದರೆ ಪಾರ್ಟಿಶನ್ ಪಟ್ಟಿ ಇರುವ ಜಾಗವೇ ತಪ್ಪಿಹೋಗುತ್ತದೆ. ಡೇಟಾ ಹಾಗೆಯೇ ಇದೆ, ಬೇರೆ ಅಡಾಪ್ಟರ್ ಹಾಕಿದರೆ ಕಾಣುತ್ತದೆ. ಎಸ್‌ಎಸ್‌ಡಿಯ ಫರ್ಮ್‌ವೇರ್ ಅಪ್‌ಡೇಟ್, ಸೆಕ್ಯೂರ್ ಇರೇಸ್ ಇವನ್ನು ಯುಎಸ್‌ಬಿ ಬ್ರಿಜ್ ಮೂಲಕ ಎಂದೂ ಮಾಡಬೇಡಿ. ನಡುವೆ ಕಡಿದರೆ ಡ್ರೈವ್ ಬೀಗ ಹಾಕಿಕೊಂಡು ಕೂರುತ್ತದೆ.

ಕಾಯಂ ಚುಚ್ಚಿಡುವುದಾದರೆ

ಎಫ್‌ಎಸ್‌ಟ್ಯಾಬ್‌ನಲ್ಲಿ /ಡೆವ್/ಎಸ್‌ಡಿಬಿ ಎಂದು ಬರೆಯದೆ ಪಾರ್ಟಿಶನ್‌ನ ಗುರುತಿನ ಸಂಖ್ಯೆ ಯುಯುಐಡಿ ಬರೆಯಿರಿ (ಈ ಪದ ದೊಡ್ಡಕ್ಷರದಲ್ಲಿ). ಅಗ್ಗದ ಅಡಾಪ್ಟರ್‌ಗಳಲ್ಲಿ ಎರಡಕ್ಕೂ ಒಂದೇ ಸೀರಿಯಲ್ ನಂಬರ್ ಇರುವುದುಂಟು, ಹಾಗಾಗಿ ಸೀರಿಯಲ್ ನಂಬಿಯೂ ಪ್ರಯೋಜನವಿಲ್ಲ. ‘ನೋಫೇಲ್’ ಸೇರಿಸದಿದ್ದರೆ ಡ್ರೈವ್ ಇಲ್ಲದ ದಿನ ಕಂಪ್ಯೂಟರ್ ಬೂಟ್ ಆಗದೆ ಎಮರ್ಜೆನ್ಸಿ ಪರದೆಯಲ್ಲಿ ನಿಲ್ಲುತ್ತದೆ.

ತೆಗೆಯುವಾಗ ಅನ್‌ಮೌಂಟ್ ಮಾಡಿ, ‘ಯುಡಿಸ್ಕ್ಸ್‌ಸಿಟಿಎಲ್ ಪವರ್-ಆಫ್ -ಬಿ /ಡೆವ್/ಎಸ್‌ಡಿಬಿ’ ಕೊಡಿ. ಕಾಪಿ ಪಟ್ಟಿ ನೂರು ಶೇಕಡಾ ತೋರಿಸಿದ ಮೇಲೂ ಮೆಮೊರಿಯಲ್ಲಿ ಹಲವು ಜಿಬಿ ಬರೆಯದೆ ಉಳಿದಿರಬಹುದು, ಈ ಕಮಾಂಡ್ ಡ್ರೈವ್‌ಗೆ ಸರಿಯಾಗಿ ಮುಚ್ಚಿಕೊಳ್ಳಲು ಸಮಯ ಕೊಡುತ್ತದೆ. ಕರೆಂಟ್ ಹೋಗಿಬರುವ ಊರುಗಳಲ್ಲಿ ಡೆಸ್ಕ್‌ಟಾಪ್‌ಗೆ ಯುಪಿಎಸ್ ಇದ್ದರೂ ಪವರ್ಡ್ ಹಬ್‌ನ ಅಡಾಪ್ಟರ್ ಗೋಡೆಯ ಸಾಕೆಟ್‌ನಲ್ಲೇ ಇರುತ್ತದೆ. ಕರೆಂಟ್ ಹೋದಾಗ ಕಂಪ್ಯೂಟರ್ ಉಳಿದು ಡ್ರೈವ್ ಮಾತ್ರ ಬೀಳುತ್ತದೆ. ಹಬ್ಬನ್ನೂ ಯುಪಿಎಸ್‌ಗೇ ಹಾಕಿ, ಆಗಾಗ ಸ್ಮಾರ್ಟ್ ಮಾಹಿತಿಯಲ್ಲಿ ‘ಅನ್‌ಸೇಫ್ ಶಟ್‌ಡೌನ್ಸ್’ ಅಂಕಿ ಏರುತ್ತಿದೆಯೇ ನೋಡಿ. ಸಾಟಾ ಡ್ರೈವ್‌ನಲ್ಲಿ ಇದಕ್ಕೆ ಹೆಸರು ಬೇರೆ ಇರುತ್ತದೆ, ಸಾಮಾನ್ಯವಾಗಿ ‘ಪವರ್ ಲಾಸ್’ ಎಂಬ ಪದ ಅದರಲ್ಲಿ ಸೇರಿರುತ್ತದೆ.